ಕಂಪ್ಯೂಟರ್ ಕೆಟ್ಟಿತೆ? ಅಂಗಡಿಗೆ ಒಯ್ಯುವ ಮೊದಲು...

ತೋಟದ ಪಂಪ್ ಓಡದಿದ್ದರೆ ನಾವು ನೇರ ಮೋಟಾರು ಬಿಚ್ಚುವುದಿಲ್ಲ. ಕರೆಂಟ್ ಇದೆಯೇ, ಮೂರೂ ಫೇಸ್ ಬಂದಿದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಹಿಡಿಯುತ್ತದೆಯೇ, ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ರಿವೈಂಡಿಂಗ್ ಮಾತು ಕೊನೆಗೆ. ಆದರೆ ಮನೆಯ ಕಂಪ್ಯೂಟರ್ ಕೈಕೊಟ್ಟಿತೆಂದರೆ ಮಾತ್ರ ಅದನ್ನು ಹಾಗೇ ಬೈಕಿನ ಮೇಲಿಟ್ಟು ಅಂಗಡಿಗೆ ಒಯ್ಯುತ್ತೇವೆ. ಇದು ಯಾಕೆ ಹೀಗೋ ಗೊತ್ತಿಲ್ಲ. ಪತ್ತೆ ಮಾಡುವ ಕ್ರಮ ಎರಡಕ್ಕೂ ಒಂದೇ.

ನನ್ನ ತೋಟ ಇರುವುದು ಭದ್ರಾವತಿ ತಾಲೂಕಿನಲ್ಲಿ, ಭದ್ರಾ ನಾಲೆಯ ಬದಿಗೆ. ಮಕ್ಕಳ ಓದಿಗೆಂದು ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಮಾಡಿದ್ದೇವೆ. ಕಂಪ್ಯೂಟರ್ ಇಲ್ಲಿದೆ. ಆಳಿನ ಲೆಕ್ಕ, ಔಷಧಿ ಹೊಡೆದ ದಿನ, ಮಳೆಯ ಮಿಲಿಮೀಟರ್, ರಾಶಿ ಎಷ್ಟು ಬೆಟ್ಟೆ ಎಷ್ಟು ಗೊರಬಲು ಎಷ್ಟು - ಹದಿನೈದು ವರ್ಷದಿಂದ ಎಲ್ಲ ಇದರೊಳಗೇ ಇದೆ. ನಾನು ಎಂಜಿನಿಯರ್ ಅಲ್ಲ. ನೆಂಟರು, ಬೀದಿಯವರು "ಒಂಚೂರು ನೋಡಿ ಮಾರಾಯ್ರೆ" ಎಂದು ಕರೆದಾಗ ಹೋಗಿ ಬಿಚ್ಚಿ ನೋಡಿದ ಅನುಭವ, ಅಷ್ಟೆ.

ಮೊದಲೇ ಒಂದು ಸಂಗತಿ ಹೇಳಬೇಕು. ನಮ್ಮ ಹತ್ತಿರದ ನೆಂಟರಲ್ಲಿ ಅಣ್ಣತಮ್ಮಂದಿರ ಹಿಸ್ಸೆ ಮಾತುಕತೆ ನಡೆದಿತ್ತು. ಒಟ್ಟು ತೋಟದ ಹತ್ತು ವರ್ಷದ ಖರ್ಚುವೆಚ್ಚ ಅಣ್ಣನ ಕಂಪ್ಯೂಟರಿನಲ್ಲಿತ್ತು. ಅದು ನಿಧಾನವಾಯಿತೆಂದು ರಿಪೇರಿಗೆ ಕೊಟ್ಟರು. ಸಂಜೆ ಹೊತ್ತಿಗೆ ಫಾರ್ಮ್ಯಾಟ್ ಆಗಿ, ಹೊಸ ವಿಂಡೋಸ್ ಹಾಕಿಸಿಕೊಂಡು, ಹೊಸದರ ಹಾಗೆ ವಾಪಸು ಬಂತು. ಲೆಕ್ಕ ಮಾತ್ರ ಇಲ್ಲ. "ಒಳಗೆ ಏನಾದರೂ ಇದೆಯಾ" ಎಂದು ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಅಡಿಕೆ ಮಾರಿದ್ದು ಮ್ಯಾಮ್‌ಕೋಸ್ ಚೀಟಿಗಳಿಂದ ಸಿಕ್ಕಿತು, ಗೊಬ್ಬರದ ಲೆಕ್ಕ ಬ್ಯಾಂಕ್ ಪಾಸ್‌ಬುಕ್ಕಿನಿಂದ ಅರ್ಧಂಬರ್ಧ ಸಿಕ್ಕಿತು. ಆಳಿನ ಕೂಲಿಯದ್ದು ಏನೂ ಸಿಗಲಿಲ್ಲ. ಕೊನೆಗೆ ಅಂದಾಜಿನಲ್ಲಿ ತೀರ್ಮಾನ ಆಯಿತು. ಆದರೆ ಅಣ್ಣ ಬೇಕೆಂದೇ ಅಳಿಸಿದ ಎಂಬ ಅನುಮಾನ ತಮ್ಮನಿಗೆ ಇವತ್ತಿಗೂ ಇದೆ.

ಇದರಲ್ಲಿ ತಿಳಿದಿರಬೇಕಾದ ವಿಷಯ ಒಂದಿದೆ. ಅವಸರದ ಫಾರ್ಮ್ಯಾಟ್ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದು ಪುಸ್ತಕದ ಪರಿವಿಡಿಯನ್ನು ಮಾತ್ರ, ಪುಟಗಳು ಹಾಗೇ ಇರುತ್ತವೆ. ಅವುಗಳ ಮೇಲೆ ಹೊಸದು ಬರೆದಂತೆಲ್ಲ ಹಳೆಯದು ಹೋಗುತ್ತದೆ. ಹಾಗಾಗಿ ಕಡತ ಕಾಣೆಯಾಯಿತೆಂದು ಗೊತ್ತಾದ ಕೂಡಲೇ ಯಂತ್ರ ಆರಿಸಿ, ಡಿಸ್ಕನ್ನು ಬಲ್ಲವರ ಕೈಗೆ ಕೊಟ್ಟರೆ ಸ್ವಲ್ಪವಾದರೂ ಉಳಿದೀತು. ನಮ್ಮ ನೆಂಟರು ಮೂರು ತಿಂಗಳು ಬಳಸಿದ ಮೇಲೆ ನನಗೆ ಹೇಳಿದರು. ಈಗಿನ ಎಸ್‌ಎಸ್‌ಡಿಯಲ್ಲಿ ಈ ಆಸೆಯೂ ಇಲ್ಲ. ಖಾಲಿಯಾದ ಜಾಗವನ್ನು ಅದು ತಾನೇ ಗುಡಿಸಿಬಿಡುತ್ತದೆ.

ಈಗ ರೋಗಗಳಿಗೆ ಬರೋಣ. ಸಾಫ್ಟ್‌ವೇರ್, ವೈರಸ್ ಎಂದು ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ನಮ್ಮ ಕಡೆಯ ಕಂಪ್ಯೂಟರಿಗೆ ಶತ್ರುಗಳು ಥಂಡಿ, ಧೂಳು, ಇರುವೆ ಮತ್ತು ಕರೆಂಟು.

ಜೀವವೇ ಇಲ್ಲ, ದೀಪವೂ ಹೊತ್ತುವುದಿಲ್ಲ ಎಂದಾದರೆ ಹಿಂಬದಿಯ ತಂತಿ ಸಡಿಲವಾಗಿದೆಯೇ ನೋಡಿ. ಸ್ಪೈಕ್ ಬಸ್ಟರ್ ಬಿಟ್ಟು ಗೋಡೆಯ ಪ್ಲಗ್ಗಿಗೇ ನೇರ ಕೊಟ್ಟು ನೋಡಿ. ಯುಪಿಎಸ್ ಇದ್ದರೆ ಅದನ್ನೂ ಬಿಟ್ಟು ನೋಡಿ. ಯುಪಿಎಸ್‌ನ ಚಿಕ್ಕ ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷ. ಅದು ಮುಗಿದ ಮೇಲೆ ಕರೆಂಟ್ ಕಣ್ಣು ಮಿಟುಕಿಸಿದರೂ ಸಾಕು, ಕಂಪ್ಯೂಟರ್ ಆರುತ್ತದೆ. "ಕಂಪ್ಯೂಟರ್ ಪದೇ ಪದೇ ಆಫ್ ಆಗ್ತದೆ" ಎಂದು ಕರೆದ ಎರಡು ಮನೆಯಲ್ಲಿ ದೋಷ ಇದ್ದದ್ದು ಈ ಬ್ಯಾಟರಿಯಲ್ಲಿ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಒಳಗಿಂದ ಬೀಪ್ ಬೀಪ್ ಶಬ್ದ. ಮಳೆಗಾಲದಲ್ಲಿ ಇದು ತೀರಾ ಸಾಮಾನ್ಯ. ಹದಿನೈದು ದಿನ ರಜೆಗೆ ಹೋಗಿ ಬಂದವರಿಗಂತೂ ಇನ್ನೂ ಸಾಮಾನ್ಯ. ರ್‍ಯಾಮ್ ಎಂಬ ಬೆರಳುದ್ದದ ಪಟ್ಟಿಯ ಹೊಂಬಣ್ಣದ ಹಲ್ಲುಗಳಿಗೆ ಥಂಡಿಗೆ ಕಿಲುಬು ಹಿಡಿದಿರುತ್ತದೆ. ಪ್ಲಗ್ ಕಿತ್ತು, ಆನ್ ಗುಂಡಿಯನ್ನು ಇಪ್ಪತ್ತು ಸೆಕೆಂಡು ಒತ್ತಿ ಹಿಡಿದು ಒಳಗೆ ಉಳಿದ ಕರೆಂಟ್ ಇಳಿಸಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿನ ಸ್ಥಿರವಿದ್ಯುತ್ತು ಚಿಪ್ಪುಗಳನ್ನು ಕೊಲ್ಲಬಲ್ಲದು. ನಂತರ ಎರಡೂ ಬದಿಯ ಕಿವಿ ಬಿಡಿಸಿ ರ್‍ಯಾಮ್ ತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಒರಸಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಭದ್ರಾವತಿಯ ಸ್ನೇಹಿತರೊಬ್ಬರಿಗೆ "ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ" ಎಂದು ಹೇಳಿಯಾಗಿತ್ತು. ಐದು ರೂಪಾಯಿ ರಬ್ಬರಿನಲ್ಲಿ ಎದ್ದು ಕೂತಿತು. ಮೂರು ವರ್ಷವಾಯಿತು, ನಡೀತಾ ಇದೆ.

ಇನ್ನೊಂದು ತಮಾಷೆಯ ರೋಗ. ಆನ್ ಮಾಡಿದಾಗಲೆಲ್ಲ ತಾರೀಖು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕಿನದ್ದಾಗಲಿ, ಪಹಣಿಯದ್ದಾಗಲಿ ಯಾವ ತಾಣವೂ ತೆರೆಯುವುದಿಲ್ಲ, "ಸಂಪರ್ಕ ಸುರಕ್ಷಿತವಲ್ಲ" ಎಂದು ತೋರಿಸುತ್ತದೆ. ವೈರಸ್ ಎಂದು ಹೆದರುವವರೇ ಹೆಚ್ಚು. ನಿಜಕ್ಕೂ ನಡೆಯುವುದು ಇಷ್ಟು: ಪ್ರತಿ ತಾಣಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಒಂದು ಪ್ರಮಾಣಪತ್ರ ಇರುತ್ತದೆ. ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ, ಹಾಗಾಗಿ ಅದು ಪತ್ರ ಸುಳ್ಳು ಎನ್ನುತ್ತದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಸಿಆರ್ 2032 ಎಂಬ ಬ್ಯಾಟರಿ ಇದೆ. ಮೂರು ವೋಲ್ಟಿನದ್ದು, ವಾಚ್ ರಿಪೇರಿಯವರಲ್ಲೂ ಸಿಗುತ್ತದೆ. ಬದಲಿಸಿ ತಾರೀಖು ಸರಿಮಾಡಿದರಾಯ್ತು.

ಹತ್ತು ನಿಮಿಷ ಓಡಿ ಆರಿಹೋಗುವುದು ಕಾವಿನಿಂದ. ಅಡಿಕೆ ಸುಲಿಯುವ ಅಂಗಳದ ಬದಿಯ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟವರಿಗೆ ಇದು ಖಾತ್ರಿ. ಒಳಗಿನ ಫ್ಯಾನಿನ ಕೆಳಗೆ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ. ಒಣ ಬ್ರಷ್ಷಿನಿಂದ ತೆಗೆಯಿರಿ, ಆಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದಿರಿ. ಒದ್ದೆ ಬಟ್ಟೆ ಬೇಡವೇ ಬೇಡ. ಕ್ಯಾಬಿನೆಟ್ ಹಿಂದಿನ ಖಾಲಿ ಕಿಂಡಿಗಳಿಗೆ ತಗಡಿನ ಮುಚ್ಚಳ ಹಾಕಿ. ಬೆಚ್ಚಗಿನ ಜಾಗ ಹುಡುಕಿ ಇರುವೆ ಗೂಡು ಮಾಡುವುದು, ಹಲ್ಲಿ ನುಗ್ಗಿ ಸರ್ಕೀಟಿನ ಮೇಲೆ ಸಾಯುವುದು ಆ ದಾರಿಯಲ್ಲೇ. ಇರುವೆಗೆಂದು ಒಳಗೆ ಸ್ಪ್ರೇ ಹೊಡೆಯಬೇಡಿ. ಬೋರ್ಡು ಹಾಳಾಗುತ್ತದೆ.

ಸಿಡಿಲು ಮತ್ತು ಅರ್ತಿಂಗ್

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೊತ್ತಿಗೆ ಸ್ವಿಚ್ ಆರಿಸಿದರೆ ಸಾಕು ಎಂದುಕೊಳ್ಳಬೇಡಿ. ಹೆಚ್ಚಿನ ಸ್ವಿಚ್ಚುಗಳು ಕಡಿಯುವುದು ಒಂದೇ ತಂತಿಯನ್ನು. ಸಿಡಿಲಿಗೆ ಆ ಸಣ್ಣ ಸಂದು ಲೆಕ್ಕಕ್ಕಿಲ್ಲ. ಪ್ಲಗ್ಗನ್ನೇ ಕೀಳಬೇಕು, ಇಂಟರ್‌ನೆಟ್ ತಂತಿಯನ್ನೂ ಕೀಳಬೇಕು. ಅದೂ ಗುಡುಗು ದೂರದಲ್ಲಿ ಕೇಳುವಾಗಲೇ. ತಲೆ ಮೇಲೆ ಬಂದ ಮೇಲೆ ತಂತಿ ಮುಟ್ಟುವುದು ಬೇಡ. "ನಮ್ದು ಫೈಬರ್, ಏನೂ ಆಗಲ್ಲ" ಎನ್ನುವವರಿದ್ದಾರೆ. ಗಾಜಿನ ಎಳೆ ಕರೆಂಟ್ ಒಯ್ಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಬರುವ ಕೇಬಲ್ಲಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುವುದುಂಟು. ರೂಟರಿನ ಅಡಾಪ್ಟರ್ ಹೇಗೂ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ನಿಮ್ಮ ಅರ್ತಿಂಗ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿರಿ. ಕಂಪ್ಯೂಟರಿನ ಪವರ್ ಸಪ್ಲೈ ಸ್ವಲ್ಪ ವಿದ್ಯುತ್ತನ್ನು ಲೋಹದ ಮೈಗೆ ಬಿಡುವುದು ಅದರ ರಚನೆಯಲ್ಲೇ ಇದೆ. ಅದು ಭೂಮಿಗೆ ಹೋಗಬೇಕು. ದಾರಿ ಇಲ್ಲದಿದ್ದರೆ ನಿಮ್ಮ ಬೆರಳಿಗೆ ಬರುತ್ತದೆ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗುವುದು ಎಲ್ಲ ಕಡೆ ಇದೆ. ಪಂಪಿನ ಅರ್ತ್ ಗುಂಡಿಗೆ ನೀರು ಹಾಕುವ ನಾವು ಮನೆಯದ್ದನ್ನು ಮರೆಯುತ್ತೇವೆ. ವೈರಿಂಗ್ ಬಲ್ಲವರಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಇದರಲ್ಲಿ ಸ್ವಂತ ಪ್ರಯೋಗ ಬೇಡ.

ಹಳೆಯದನ್ನು ಬಿಸಾಡಬೇಕೆ?

ಈಗ ಎಲ್ಲರೂ ಕೇಳುವ ಪ್ರಶ್ನೆ ವಿಂಡೋಸ್ 10ರದ್ದು. ಮೈಕ್ರೋಸಾಫ್ಟ್ ಕಂಪೆನಿ ಅದರ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹಿಂದೆ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹೀಗೇ ಆಗಿತ್ತು. ಬೆಂಬಲ ನಿಂತಿತೆಂದರೆ ಕಂಪ್ಯೂಟರ್ ನಿಂತಿತು ಎಂದಲ್ಲ. ಬೇಲಿಯಲ್ಲಿ ಹೊಸದಾಗಿ ಕಿಂಡಿ ಬಿದ್ದರೆ ಮುಚ್ಚಲು ಇನ್ನು ಜನ ಬರುವುದಿಲ್ಲ ಎಂದರ್ಥ. ಲೆಕ್ಕ ಬರೆಯಲು, ಮುದ್ರಿಸಲು ಅಡ್ಡಿಯಿಲ್ಲ. ಅದೇ ಯಂತ್ರದಲ್ಲಿ ಬ್ಯಾಂಕಿನ ಹಣ ವರ್ಗಾವಣೆ ಮಾಡುವವರು ಯೋಚಿಸಬೇಕು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷಾ ತೇಪೆ ಕೊಡುವುದಾಗಿ ಕಂಪೆನಿ ಹೇಳಿತ್ತು.

ವಿಂಡೋಸ್ 11 ಎಲ್ಲ ಯಂತ್ರಕ್ಕೂ ಹಿಡಿಸುವುದಿಲ್ಲ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಅದು ಕೇಳುವ ಕನಿಷ್ಠ. ಅದು ಕಷ್ಟವಲ್ಲ. ತೊಡಕಿರುವುದು ಪ್ರೊಸೆಸರಿನಲ್ಲಿ ಮತ್ತು ಟಿಪಿಎಂ 2.0 ಎಂಬ ಸುರಕ್ಷಾ ಚಿಪ್ಪಿನಲ್ಲಿ. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದ್ದು ಬೇಕು. ಕೆಲವು ಯಂತ್ರಗಳಲ್ಲಿ ಟಿಪಿಎಂ ಇರುತ್ತದೆ, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ, ಅಷ್ಟಕ್ಕೇ "ಆಗಲ್ಲ" ಎನ್ನುತ್ತದೆ. ಕಂಪೆನಿಯದ್ದೇ ಪಿಸಿ ಹೆಲ್ತ್ ಚೆಕ್ ಎಂಬ ತಂತ್ರಾಂಶ ಉಚಿತ. ಹೊಸದಕ್ಕೆ ದುಡ್ಡು ಕೊಡುವ ಮೊದಲು ಅದನ್ನು ಓಡಿಸಿ ನೋಡಿ.

ನಿಧಾನ ಎಂಬ ಕಾರಣಕ್ಕೆ ಹೊಸದು ಕೊಳ್ಳುವುದಂತೂ ದಂಡ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ 8 ಜಿಬಿ ಮಾಡಿದರೆ ಮುದಿ ಎತ್ತಿಗೆ ಪ್ರಾಯ ಬಂದ ಹಾಗೆ. ನಾನು 2023ರಲ್ಲಿ ಹೀಗೆ ಮಾಡಿಸಿದಾಗ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿದಿತ್ತು. ಮೊದಲು ಎದ್ದೇಳಲು ಐದು ನಿಮಿಷ ಬೇಕಿತ್ತು, ಕಾಫಿ ಕುಡಿದು ಬರಬಹುದಿತ್ತು. ಈಗ ಅರ್ಧ ನಿಮಿಷ ಸಾಕು.

ವಿಂಡೋಸ್ 11 ಹಿಡಿಸದ ಯಂತ್ರಕ್ಕೆ ಲಿನಕ್ಸ್ ಮಿಂಟ್ ಇದೆ. ಉಚಿತ, 4 ಜಿಬಿ ರ್‍ಯಾಮಿನಲ್ಲಿ ನಡೆಯುತ್ತದೆ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಹಿಡಿಸದಿದ್ದರೆ ಕಿತ್ತರಾಯ್ತು. ಇದ್ದದ್ದಕ್ಕೆ ಏನೂ ಆಗುವುದಿಲ್ಲ. ಲೆಕ್ಕಕ್ಕೆ ಅದರಲ್ಲಿ ಲಿಬ್ರೆ ಆಫೀಸ್ ಇದೆ. ಆದರೆ ಟ್ಯಾಲಿ, ನುಡಿ ಇವೆಲ್ಲ ವಿಂಡೋಸ್‌ಗಾಗಿ ಮಾಡಿದವು. ಅವನ್ನೇ ನಂಬಿದವರಿಗೆ ಮಿಂಟ್ ಬೇಡ.

ಯಾವ ದಾರಿ ಹಿಡಿದರೂ ಮೊದಲು ನಕಲು. ಗೊನೆ ಇಳಿಸದೆ ಮರ ಕಡಿಯುವವರುಂಟೆ? ನನ್ನ ಕ್ರಮ ಹೀಗಿದೆ: ತಿಂಗಳ ಮೊದಲ ಭಾನುವಾರ ಎರಡು ಹೊರ ಡಿಸ್ಕಿಗೆ ನಕಲು. ಒಂದು ವಿನೋಬನಗರದ ಮನೆಯಲ್ಲಿ, ಇನ್ನೊಂದು ತೋಟದ ಮನೆಯಲ್ಲಿ, ಬಿಗಿ ಮುಚ್ಚಳದ ಡಬ್ಬಿಯೊಳಗೆ, ಥಂಡಿ ಹೀರುವ ಸಿಲಿಕಾ ಪೊಟ್ಟಣದ ಜತೆ. ಡಬ್ಬಿಗಿಟ್ಟರೆ ಆಗಲಿಲ್ಲ, ವರ್ಷಕ್ಕೊಮ್ಮೆ ಬೇರೆ ಕಂಪ್ಯೂಟರಿಗೆ ಹಾಕಿ ಕಡತ ತೆರೆಯುತ್ತದೆಯೇ ನೋಡಬೇಕು. ತೆರೆಯದ ನಕಲು ಇದ್ದೂ ಇಲ್ಲದ ಹಾಗೆ.

ತೆರೆದರೂ ಓದಲಾಗದ ಕಡತಗಳಿವೆ. ಕನ್ನಡದಲ್ಲಿ ಲೆಕ್ಕ ಬರೆದವರಿಗೆ ಇದು ಮುಖ್ಯ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದದ್ದನ್ನು ಹೊಸ ಯಂತ್ರಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ, ಅಳಿಸಬೇಡಿ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಮನೆಯ ಮೂಲ ಯಜಮಾನನೇ ಕಾಣುತ್ತಾನೆ. ಆ ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಆದರೆ ಅದು ತಾತ್ಕಾಲಿಕ. ನುಡಿ, ಬರಹ ಎರಡರಲ್ಲೂ ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಸಲಕರಣೆ ಇದೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಖ್ಯೆ, ಫೋನಿನಲ್ಲೂ ಓದಬಹುದು. "ಮೈಲುತುತ್ತ" ಎಂದು ಹುಡುಕಿದರೆ ಯಾವ ವರ್ಷ ಎಷ್ಟು ಕಿಲೋ ತಂದೆ ಎಂದು ಒಂದೇ ಸಲಕ್ಕೆ ಸಿಗುತ್ತದೆ. ಹಳೆಯ ಯಂತ್ರ ಜೀವಂತ ಇರುವಾಗಲೇ, ಹಳೆಯ ಫಾಂಟಿನ ಪ್ರತಿ ಪಕ್ಕದಲ್ಲಿಟ್ಟುಕೊಂಡೇ ಬದಲಿಸಿ. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪುತ್ತವೆ. ಇಂಗ್ಲಿಷ್ ಮತ್ತು ಕನ್ನಡ ಬೆರೆಸಿ ಬರೆದ ಸಾಲಿನಲ್ಲಿ ಇಂಗ್ಲಿಷ್ ಹೆಸರುಗಳೂ ಕನ್ನಡದ ಕಲಸುಮೇಲೋಗರ ಆಗುತ್ತವೆ. ಅಂಕೆಗಳನ್ನು ಮಾತ್ರ ಮೂಲದೊಂದಿಗೆ ಒಂದೊಂದಾಗಿ ತಾಳೆ ನೋಡಿ.

ಇನ್ನೊಂದು. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ನಾವು ಸರಿ ಮಾಡ್ತೇವೆ" ಎಂದು ಫೋನ್ ಬಂದರೆ, ಪರದೆಯ ಮೇಲೆ ಕೆಂಪಗೆ ನಂಬರು ಮಿನುಗಿದರೆ, ಅವರು ಹೇಳಿದ ತಂತ್ರಾಂಶ ಹಾಕಬೇಡಿ. ಅದನ್ನು ಹಾಕಿದರೆ ನಿಮ್ಮ ಪರದೆ ಅವರ ಕೈಗೆ ಹೋಗುತ್ತದೆ. ಯಾವ ಕಂಪೆನಿಯೂ ತಾನಾಗಿ ಕರೆದು ರಿಪೇರಿ ಮಾಡಿಕೊಡುವುದಿಲ್ಲ. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಆಗಲೇ.