ಕಾಲೇಜು ಕಾರ್ಖಾನೆಯ ಬಾಗಿಲಿಗೆ ಹೋದಾಗ

ಇಂಜಿನಿಯರಿಂಗ್ ಕಾಲೇಜಿಗೂ ಎದುರಿನ ಗ್ಯಾರೇಜಿಗೂ ಏನು ಸಂಬಂಧ? ನಮ್ಮ ಕಡೆ ಕೇಳಿ ನೋಡಿ. ‘ಹುಡುಗರ ಬೈಕು ರಿಪೇರಿಗೆ ಬರ್ತವೆ, ಅಷ್ಟೇ’ ಅಂತಾರೆ. ಆದರೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಈ ಎರಡನ್ನೂ ಒಂದೇ ಸೂರಿನಡಿ ತರಲು ಒಬ್ಬರು ಸುಮಾರು ನಲವತ್ತು ವರ್ಷ ದುಡಿದರು. ಅವರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ!

ಹೆಸರು ಕುಮಾರ್ ಭಟ್ಟಾಚಾರ್ಯ. 1940ರಲ್ಲಿ ಹುಟ್ಟಿದ ಬಂಗಾಳಿ. ಖರಗ್‌ಪುರದ ಐ.ಐ.ಟಿ.ಯಲ್ಲಿ ಮೆಕ್ಯಾನಿಕಲ್ ಓದಿ, ಬ್ರಿಟನ್ನಿನ ಲ್ಯೂಕಾಸ್ ಕಂಪನಿಗೆ ಅಪ್ರೆಂಟಿಸ್ ಆಗಿ ಹೋದರು. ಲಾರಿಯ ಸೆಲ್ಫ್ ಮೋಟಾರ್ ಬಿಚ್ಚಿದವರಿಗೆ ಲ್ಯೂಕಾಸ್ ಹೆಸರು ಹೊಸದಲ್ಲ.

ಬಾಗಿಲು ಮುಚ್ಚಿದ ವರ್ಷ

ಕೊವೆಂಟ್ರಿ ಕಾರುಗಳ ಊರು. 1970ರ ದಶಕದಲ್ಲಿ ಅಲ್ಲಿ ಮುಷ್ಕರ, ನಷ್ಟ, ಕೆಲಸ ಕಡಿತ. 1980ರಲ್ಲಿ ಕ್ಯಾನ್ಲಿ ಕಾರ್ಖಾನೆಯಲ್ಲಿ ಟ್ರಯಂಫ್ ಕಾರು ಜೋಡಣೆಯೂ ನಿಂತಿತು. ಅದೇ ವರ್ಷ, ಅದೇ ಊರಿನ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಭಟ್ಟಾಚಾರ್ಯ ಅವರು ‘ವಾರ್ವಿಕ್ ಮ್ಯಾನುಫ್ಯಾಕ್ಚರಿಂಗ್ ಗ್ರೂಪ್’ ಶುರು ಮಾಡಿದರು.

ಅವರ ಲೆಕ್ಕ ಸರಳ. ಕಂಪನಿಯವರು ತಮ್ಮ ತೊಂದರೆ ತರಲಿ, ಜೊತೆಗೆ ದುಡ್ಡನ್ನೂ ಇಂಜಿನಿಯರುಗಳನ್ನೂ ತರಲಿ. ಪ್ರಾಧ್ಯಾಪಕರು ಪುಸ್ತಕ ಮಡಚಿಟ್ಟು ಆ ತೊಂದರೆಯ ಮೇಲೆ ಕೂರಲಿ. ಕೆಲಸದಲ್ಲಿರುವವರು ನೌಕರಿ ಬಿಡದೆ, ಬಿಡಿ ಬಿಡಿ ಕೋರ್ಸುಗಳಲ್ಲಿ ಓದಿ ಡಿಗ್ರಿ ಪಡೆಯಲಿ.

ಇದರಿಂದ ಎಲ್ಲವೂ ಉಳಿಯಿತೇ? ಇಲ್ಲ. ಈ ಗ್ರೂಪಿನ ಜೊತೆ ಕೆಲಸ ಮಾಡಿದ್ದ ರೋವರ್ ಕಂಪನಿ 2005ರಲ್ಲಿ ಮುಳುಗಿತು. ಪಕ್ಕದ ಬರ್ಮಿಂಗ್‌ಹ್ಯಾಮಿನಲ್ಲಿ ಸುಮಾರು 6,000 ಜನ ಕೆಲಸ ಕಳೆದುಕೊಂಡರು. ಯಜಮಾನನ ಗಲ್ಲಾ ಖಾಲಿಯಾದರೆ ಪ್ರಾಧ್ಯಾಪಕನ ವಿದ್ಯೆಯೊಂದೇ ಏನು ಮಾಡೀತು?

ಟಾಟಾ ಬಂದರು

2008ರಲ್ಲಿ ಫೋರ್ಡ್ ಕಂಪನಿ ಜಾಗ್ವಾರ್ ಲ್ಯಾಂಡ್ ರೋವರನ್ನು ಟಾಟಾದವರಿಗೆ 230 ಕೋಟಿ ಡಾಲರಿಗೆ ಮಾರಿತು. ಈ ವ್ಯವಹಾರ ಕುದುರುವುದರಲ್ಲಿ ಭಟ್ಟಾಚಾರ್ಯರ ಪಾತ್ರ ದೊಡ್ಡದು. ಆಮೇಲೆ ಟಾಟಾ, ಜಾಗ್ವಾರ್ ಲ್ಯಾಂಡ್ ರೋವರ್, ವಿಶ್ವವಿದ್ಯಾಲಯ ಮತ್ತು ಅಲ್ಲಿನ ಸರ್ಕಾರ ಸೇರಿ ಕ್ಯಾಂಪಸ್ಸಿನಲ್ಲೇ 15 ಕೋಟಿ ಪೌಂಡಿನ ವಾಹನ ಸಂಶೋಧನಾ ಕೇಂದ್ರ ಕಟ್ಟಿದವು. 2020ರ ಫೆಬ್ರವರಿಯಲ್ಲಿ ಅದರ ಉದ್ಘಾಟನೆಯಾಯಿತು. ಭಟ್ಟಾಚಾರ್ಯ ಅವರು ಅದನ್ನು ನೋಡಲಿಲ್ಲ. 2019ರ ಮಾರ್ಚಿನಲ್ಲೇ ತೀರಿಕೊಂಡಿದ್ದರು. ಕಟ್ಟಡಕ್ಕೆ ಅವರ ಹೆಸರಿದೆ.

ಬಸ್ಸಿಗೆ ಕಾಯುವವರಿಗೂ ಅಲ್ಲೊಂದು ಸುದ್ದಿಯಿದೆ. ಅದೇ ಗ್ರೂಪು ಕೊವೆಂಟ್ರಿ ನಗರಸಭೆಯ ಜೊತೆ ಸೇರಿ ಬ್ಯಾಟರಿಯ ಹಗುರ ರೈಲು ರೂಪಿಸಿದೆ. ಮೇಲೆ ಕರೆಂಟಿನ ತಂತಿ ಬೇಡ. ಹಳಿ ಕೂರಿಸಲು ರಸ್ತೆಯನ್ನು 30 ಸೆಂಟಿಮೀಟರ್, ಅಂದರೆ ಒಂದೇ ಅಡಿ ಅಗೆದರೆ ಸಾಕು. ಕೆಳಗಿರುವ ನೀರಿನ ಪೈಪು, ಕೇಬಲ್ಲುಗಳನ್ನು ಕಿತ್ತು ಬೇರೆ ಕಡೆ ಹಾಕುವ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ. 2025ರಲ್ಲಿ ಪೇಟೆಯ ನಡುವೆ 220 ಮೀಟರ್ ಹಳಿ ಹಾಕಿ, ಜನರನ್ನು ಕೂರಿಸಿ ಓಡಿಸಿ ನೋಡಿದರು. ರಸ್ತೆ ಅಗೆದು ತಿಂಗಳುಗಟ್ಟಲೆ ಬಿಟ್ಟರೆ ವ್ಯಾಪಾರ ಏನಾಗುತ್ತದೆಂಬುದನ್ನು ನಮ್ಮ ಅಂಗಡಿಯವರಿಗೆ ಬಿಡಿಸಿ ಹೇಳಬೇಕೆ?

ನಮ್ಮ ಪಾಲಿಗೇನು?

15 ಕೋಟಿ ಪೌಂಡು ನಮ್ಮ ಜಿಲ್ಲೆಗಳಿಗೆ ಬರುವುದಿಲ್ಲ, ಬಿಡಿ. ಆದರೆ ತೊಂದರೆ ಕೇಳಿಕೊಂಡು ಶೆಡ್ಡಿನ ಬಾಗಿಲಿಗೆ ಹೋಗಲು ಪೌಂಡು ಬೇಕಿಲ್ಲ. ಇಂದು ಕರೆಂಟಿನ ಆಟೋ, ಸ್ಕೂಟರು ಬೀದಿಗೆ ಬಂದಿವೆ. ಅವುಗಳಲ್ಲಿ ಕಾರ್ಬೊರೇಟರ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಇಪ್ಪತ್ತು ವರ್ಷ ಅದನ್ನೇ ನಂಬಿ ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ಕು ಬ್ಯಾಟರಿಯ ವಿದ್ಯೆಯನ್ನು ಯಾರ ಹತ್ತಿರ ಕಲಿಯಬೇಕು? ಕಲಿಸಬಲ್ಲ ಮೇಷ್ಟ್ರು ಕಾಂಪೌಂಡಿನ ಆಚೆ ಇದ್ದಾರೆ. ಸಂಜೆ ಎರಡು ತಾಸು ಕಾಲೇಜಿನ ಗೇಟು ತೆರೆದರೆ ಗ್ಯಾರೇಜಿನವನೂ ಕಲಿಯುತ್ತಾನೆ, ಅವನ ಕೈ ನೋಡಿ ವಿದ್ಯಾರ್ಥಿಯೂ ಕಲಿಯುತ್ತಾನೆ. ಆ ಗೇಟಿನ ಬೀಗದ ಕೈ ಪ್ರಿನ್ಸಿಪಾಲರ ಹತ್ತಿರವಿದೆ.