'ವ'ಕ್ಕೆ ಬಾಲ ಬಂದರೆ 'ಮ'

ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಅತ್ಯಂತ ಹಿರಿಯ ವಿದ್ಯಾರ್ಥಿನಿ ನನ್ನ ಮಗಳೇ, ವಯಸ್ಸು ಹದಿನಾರು. 'ಮರ' ಎಂದು ಬರೆದರೆ 'ವರ' ಎಂದು ಓದುತ್ತಾಳೆ. "ಅಪ್ಪಾ, ತುಂಬಾ ಲೇಟಾಯ್ತು, ಇನ್ನು ನನ್ನ ತಲೆಗೆ ಹತ್ತಲ್ಲ" ಎಂದು ಒಂದು ದಿನ ಪುಸ್ತಕ ಮುಚ್ಚಿಟ್ಟಳು. ಊರಿನಲ್ಲಿರುವ ನನ್ನ ಅಮ್ಮ ನಿವೃತ್ತ ಶಾಲಾ ಶಿಕ್ಷಕಿ. ಈಗ ಕಿವಿ ಕೇಳಿಸದು, ಫೋನಿನ ಮಾತು ನಿಂತಿದೆ. ಮೊಮ್ಮಗಳ ಕೈಬರಹದ ಒಂದು ಕಾಗದ ಬರಲಿ ಎಂಬುದು ಅವರ ಆಸೆ.

ನಿಜಕ್ಕೂ ಲೇಟಾಯಿತೇ? ಬರವಣಿಗೆ ಹುಟ್ಟಿ ಸುಮಾರು 5000 ವರ್ಷ ಅಷ್ಟೆ. ಓದುವುದಕ್ಕೆಂದೇ ಮಿದುಳಿನಲ್ಲಿ ಅಂಗವೊಂದು ವಿಕಾಸಗೊಳ್ಳಲು ಆ ಕಾಲ ಸಾಲದು. ಹಾಗಾಗಿ ಮುಖ, ವಸ್ತುಗಳನ್ನು ಗುರುತಿಸುವ ಎಡ ಮಿದುಳಿನ ತಳಭಾಗದಲ್ಲೇ ಒಂದಿಷ್ಟು ಜಾಗವನ್ನು ಅಕ್ಷರಗಳು ಬಾಡಿಗೆಗೆ ಹಿಡಿಯುತ್ತವೆ. ಇಂಗ್ಲಿಷ್ ಓದಲಿ, ಚೀನೀ ಓದಲಿ, ಜಾಗ ಹೆಚ್ಚುಕಡಿಮೆ ಅದೇ.

ಬಾಡಿಗೆ ಕರಾರು ಬರೆಯುವುದು ರಸಾಯನಗಳು. ಒಂದು ನರಕೋಶ ಇನ್ನೊಂದಕ್ಕೆ ಗ್ಲುಟಮೇಟ್ ಸುರಿಯುತ್ತದೆ. ಸ್ವೀಕರಿಸುವ ಕಡೆ ಎನ್‌ಎಂಡಿಎ ಎಂಬ ಬಾಗಿಲಿದೆ, ಅದಕ್ಕೆ ಮೆಗ್ನೀಷಿಯಂ ಅಗುಳಿ. ಗ್ಲುಟಮೇಟ್ ಬಂದು ತಟ್ಟಿದರಷ್ಟೇ ಸಾಲದು. ಅದೇ ಹೊತ್ತಿಗೆ ಒಳಗಿನ ಕೋಶವೂ ಎಚ್ಚೆತ್ತಿರಬೇಕು. ಆಗ ಅಗುಳಿ ಜಾರಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಆ ಸಂಪರ್ಕ ಗಟ್ಟಿಯಾಗುತ್ತದೆ. ಕಣ್ಣಿಗೆ 'ಮ' ಬಿದ್ದ ಗಳಿಗೆಯಲ್ಲೇ ಬಾಯಿ 'ಮ' ಎನ್ನಬೇಕು ಎಂದು ನಮ್ಮ ಮೇಷ್ಟ್ರುಗಳು ಒತ್ತಾಯಿಸುತ್ತಿದ್ದುದು ಸುಮ್ಮನೆ ಅಲ್ಲ! ಹೀಗೆ ಸಂಪರ್ಕ ಬಲಗೊಳ್ಳುವುದನ್ನು ಬ್ಲಿಸ್ ಮತ್ತು ಲೋಮೋ 1973ರಲ್ಲಿ ಮೊಲದ ಮಿದುಳಿನಲ್ಲಿ ವಿವರವಾಗಿ ತೋರಿಸಿದರು.

ಗಮನ ಕೊಟ್ಟಾಗ ಅಸಿಟೈಲ್‌ಕೋಲಿನ್ ಈ ಕೆಲಸಕ್ಕೆ ನೆರವಾಗುತ್ತದೆ. ಇನ್ನು ಡೋಪಮೈನ್. ಅದನ್ನು 'ಸಂತೋಷದ ರಸ' ಎನ್ನುವುದು ಅರ್ಧ ಸತ್ಯ. ವುಲ್ಫ್ರಾಂ ಶುಲ್ಟ್ಸ್ ಕೋತಿಗಳಲ್ಲಿ ಕಂಡಂತೆ, ನಿರೀಕ್ಷಿಸದೆ ಹಣ್ಣಿನ ರಸ ಸಿಕ್ಕಾಗ ಡೋಪಮೈನ್ ಕೋಶಗಳು ಜೋರಾಗಿ ಮಿಡಿಯುತ್ತವೆ. ನಿರೀಕ್ಷಿಸಿದ್ದೇ ಸಿಕ್ಕರೆ ಸುಮ್ಮನಿರುತ್ತವೆ. ಅನುಮಾನದಲ್ಲೇ ಓದಿ ಸರಿಯಾದಾಗ ಸಿಗುವ ಪುಳಕ ಅದೇ ಜಾತಿಯದು. ನೆನಪಿನ ಶಕ್ತಿಗೆ ಟಾನಿಕ್ ಬರೆದುಕೊಡಿ ಎನ್ನುವ ಮಿತ್ರರಿಗೆ ನಾನು ಬರೆದುಕೊಡುವುದು ನಿದ್ದೆ ಮಾತ್ರ. ಕಲಿತದ್ದು ಗಟ್ಟಿಯಾಗುವುದು ಅಲ್ಲಿ.

ಮಗಳಿಗೆ ನಾನು ತೋರಿಸಿದ್ದು 2010ರ ಒಂದು ಅಧ್ಯಯನ. ಬ್ರೆಜಿಲ್ ಮತ್ತು ಪೋರ್ಚುಗಲ್‌ನ 63 ವಯಸ್ಕರ ಮಿದುಳನ್ನು ದೆಹೆನ್ ತಂಡ ಸ್ಕ್ಯಾನ್ ಮಾಡಿತ್ತು. ದೊಡ್ಡವರಾದ ಮೇಲೆ ಓದು ಕಲಿತವರಲ್ಲೂ ಆ ಜಾಗ ಅಕ್ಷರಗಳಿಗೆ ಸ್ಪಂದಿಸುತ್ತಿತ್ತು. ಅವಳು ಏನೂ ಹೇಳಲಿಲ್ಲ. ಪುಸ್ತಕ ಮಾತ್ರ ಮತ್ತೆ ತೆರೆಯಿತು.

ನಾಲ್ಕು ತಿಂಗಳ ನಂತರ ಅಜ್ಜಿಗೆ ಅರ್ಧ ಪುಟದ ಕಾಗದ ಹೋಯಿತು. ಮೊನ್ನೆ ಉತ್ತರ ಬಂತು, ಜೊತೆಗೆ ಅದೇ ಕಾಗದವೂ ವಾಪಸ್. 'ವಾವಿನಹಣ್ಣು' ಎಂದಿದ್ದ ಕಡೆ ಕೆಂಪು ಶಾಯಿಯಲ್ಲಿ ಬಾಲ ಹಚ್ಚಿ, ಕೆಳಗೆ ಹತ್ತಕ್ಕೆ ಎಂಟು ಅಂಕ ಕೊಟ್ಟಿದ್ದಾರೆ.