ನಮ್ಮ ಮನೆಯ ವೈಫೈ ಎಲ್ಲಿ ಸೋರುತ್ತಿತ್ತು?

ಕಳೆದ ರಜೆಯಲ್ಲಿ ನಮ್ಮ ಮನೆಯಲ್ಲಿ ದಿನಾ ಒಂದೇ ಜಗಳ. ಮಹಡಿಯ ಕೋಣೆಯಲ್ಲಿ ನಾನು ಕಂಪ್ಯೂಟರ್‌ನಲ್ಲಿ ಆಡುವಾಗ ಎದುರಾಳಿ ನಿಂತಲ್ಲೇ ನಿಂತು, ಮರುಕ್ಷಣ ನನ್ನ ಬೆನ್ನ ಹಿಂದೆ ಇರುತ್ತಿದ್ದ. ಕೆಳಗೆ ಅಕ್ಕನ ಆನ್‌ಲೈನ್ ತರಗತಿಯೂ ಆಗಾಗ ನಿಲ್ಲುತ್ತಿತ್ತು. "ಇವನ ಗೇಮೇ ನೆಟ್ ಎಲ್ಲ ತಿನ್ನುತ್ತಿದೆ ಉಮ್ಮಾ" ಎಂದು ಅವಳು, "ಪ್ಲಾನ್ ಸಾಲುವುದಿಲ್ಲ" ಎಂದು ನಾನು. ಉಮ್ಮ 50 ಎಂಬಿಪಿಎಸ್ ಪ್ಲಾನನ್ನು 100ಕ್ಕೆ ಏರಿಸಲು ಹೊರಟಿದ್ದರು. ತಿಂಗಳು ತಿಂಗಳೂ ಹೆಚ್ಚು ಹಣ ಕಟ್ಟುವ ಮೊದಲು ಒಮ್ಮೆ ಪರೀಕ್ಷಿಸಿ ನೋಡೋಣ ಎಂದು ಕುಳಿತೆ. ನಾವಿಬ್ಬರೂ ಹೇಳುತ್ತಿದ್ದುದು ತಪ್ಪಾಗಿತ್ತು.

ಆಟ ನಡೆಯುವಾಗ ಕಂಪ್ಯೂಟರ್ ಕಳಿಸುವುದು ತೀರಾ ಚಿಕ್ಕ ಚಿಕ್ಕ ಸಂದೇಶಗಳನ್ನು. ಅದಕ್ಕೆ 50 ಎಂಬಿಪಿಎಸ್ ಬೇಕಾದಷ್ಟಾಯಿತು. ಮುಖ್ಯವಾದದ್ದು ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ, ಅಂದರೆ ಪಿಂಗ್. ವಕ್ರೀಭವನದ ಪಾಠ ನೆನಪಿರಲಿ: ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಮಂಗಳೂರಿನಿಂದ ಮುಂಬೈ ನೇರ ದಾರಿಯಲ್ಲಿ ಸುಮಾರು 700 ಕಿ.ಮೀ.; ಹೋಗಿ ಬರಲು 7 ಮಿಲಿಸೆಕೆಂಡ್ ಸಾಕು. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಇನ್ನಷ್ಟು ಸೇರುತ್ತದೆ, ಅಷ್ಟೇ. ಹಾಗಾದರೆ ನನಗೆ 200 ಬರುತ್ತಿದ್ದುದು ಏಕೆ?

ಪತ್ತೆ ಹಚ್ಚುವ ವಿಧಾನ ಸುಲಭ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನಲ್ಲಿ ಪಿಂಗ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು ನಿಮ್ಮ ರೂಟರಿನ ವಿಳಾಸ ಹಾಕಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1, ರೂಟರಿನ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ಈ ಸಂದೇಶ ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ಎಲ್ಲ ಸರಿಯಿದ್ದರೆ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ನನಗೆ ಬಂದದ್ದು 4, 6, 187, 9. ಹತ್ತು ಸಲ ನೋಡಿದೆ, ನಡುವೆ ಒಂದೊಂದು ಹೀಗೆಯೇ ಜಿಗಿಯುತ್ತಿತ್ತು. ಅಂದರೆ ತೊಂದರೆ ಮುಂಬೈ ದಾರಿಯಲ್ಲಿ ಇರಲಿಲ್ಲ, ನಮ್ಮ ಮೆಟ್ಟಿಲ ದಾರಿಯಲ್ಲಿತ್ತು. ಪ್ಲಾನ್ ಏರಿಸಿದ್ದರೂ ಅದು ಹಾಗೆಯೇ ಉಳಿಯುತ್ತಿತ್ತು.

ರೂಟರ್ ಇದ್ದದ್ದು ಕೆಳಗೆ, ಟಿವಿಯ ಹಿಂದೆ. ನಡುವೆ ದಪ್ಪ ಕೆಂಪುಕಲ್ಲಿನ ಗೋಡೆ, ಕಬ್ಬಿಣದ ಸರಳು ತುಂಬಿದ ತಾರಸಿ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. 2.4 ದೂರ ಹೋಗುತ್ತದೆ, ಆದರೆ ಅಲ್ಲಿ ಜನಸಂದಣಿ: ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮಾತ್ರ. ಅಕ್ಕಪಕ್ಕದ ಮನೆಗಳ ರೂಟರ್, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲ ಅಲ್ಲೇ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು, ಉಳಿದವರು ಕಾಯಬೇಕು. ಆ ಕಾಯುವಿಕೆಯೇ ನನ್ನ 187. ಸಾಲದ್ದಕ್ಕೆ ನನ್ನ ಕಂಪ್ಯೂಟರಿನ ಆಂಟೆನಾ ಲೋಹದ ಪೆಟ್ಟಿಗೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು.

ರೂಟರನ್ನು ಟಿವಿಯ ಹಿಂದಿನಿಂದ ತೆಗೆದು ಎತ್ತರದಲ್ಲಿಟ್ಟೆ, ಆಂಟೆನಾ ಮೇಜಿನ ಮೇಲೆ ತಂದೆ. ಸ್ವಲ್ಪ ಸುಧಾರಿಸಿತು. ನಿಜವಾದ ಪರಿಹಾರ ಮಾತ್ರ 15 ಮೀಟರ್ ಕ್ಯಾಟ್ 6 ಕೇಬಲ್. ರೂಟರಿನ ಲ್ಯಾನ್ ಪೋರ್ಟಿನಿಂದ ಮೆಟ್ಟಿಲ ಬದಿಯಲ್ಲಿ ನೇರ ಕಂಪ್ಯೂಟರಿಗೆ. ಈಗ ರೂಟರಿನ ಪಿಂಗ್ ಪ್ರತಿ ಸಲವೂ 1 ಅಥವಾ ಅದಕ್ಕೂ ಕಡಿಮೆ. ಆಡುವ ಕಂಪ್ಯೂಟರ್ ಒಂದೇ ಕಡೆ ಕೂತಿರುತ್ತದೆ, ಅದಕ್ಕೆ ವೈಫೈ ಬೇಕೆಂದು ಹಟ ಏಕೆ ಹಿಡಿದಿದ್ದೆನೋ! ಬಾಡಿಗೆ ಮನೆಯಲ್ಲಿ ಕೇಬಲ್ ಎಳೆಯಲಾಗದವರು ಎಕ್ಸ್‌ಟೆಂಡರ್ ಇಡಬಹುದು. ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡಬೇಡಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧದಾರಿಯಲ್ಲಿಡಿ.

ಅಕ್ಕನ ದೂರು ಉಳಿಯಿತು. ಅದರಲ್ಲಿ ಅರ್ಧ ಸತ್ಯವಿತ್ತು. ತರಗತಿ ಕೆಡಿಸುತ್ತಿದ್ದುದು ಆಟವಲ್ಲ, ಆಟದ ಅಪ್‌ಡೇಟ್. 50 ಎಂಬಿಪಿಎಸ್ ಎಂದರೆ ಬಿಟ್‌ಗಳ ಲೆಕ್ಕ. 8ರಿಂದ ಭಾಗಿಸಿದರೆ ಸೆಕೆಂಡಿಗೆ 6.25 ಮೆಗಾಬೈಟ್. 30 ಜಿಬಿ ಅಪ್‌ಡೇಟ್ ಇಳಿಯಲು 80 ನಿಮಿಷ, ಅಷ್ಟು ಹೊತ್ತೂ ಲೈನ್ ತುಂಬಿ ಅವಳ ವಿಡಿಯೊ ಸಾಲಿನಲ್ಲಿ ಕಾಯುತ್ತದೆ. ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ ವೇಗಕ್ಕೆ ಮಿತಿ ಹಾಕಬಹುದು, ಅಪ್‌ಡೇಟಿಗೆ ಸಮಯವನ್ನೂ ಗೊತ್ತು ಮಾಡಬಹುದು. ರಾತ್ರಿ ಎರಡು ಗಂಟೆಗೆ ಇಟ್ಟಿದ್ದೇನೆ.

ಪ್ಲಾನ್ 50ರಲ್ಲೇ ಇದೆ. ಮೆಟ್ಟಿಲ ಬಳಿ ನೇತಾಡುವ ಕೇಬಲಿಗೆ ಕ್ಲಿಪ್ ಹೊಡೆಯುವುದು ಯಾವಾಗ ಎಂದು ಉಮ್ಮ ದಿನಾ ಕೇಳುತ್ತಾರೆ. ಈ ಭಾನುವಾರ ಎಂದಿದ್ದೇನೆ.